ಅಕ್ಕನ ಮನೆಗೆ ಹೋಗಬೇಕಿದ್ದ ಕೀಲಿ

ನಾಲ್ಕನೆಯ ದಿಂಬಿನ ಚೀಲ ಮಡಚುತ್ತಿದ್ದೆ. ಒಳಕೋಣೆಯಲ್ಲಿ ಮಗಳ ಕೀಬೋರ್ಡಿನ ಸದ್ದು ನಿಂತುಹೋಯಿತು.

ಅಲ್ಲಿಯೇ ಅವಳ ಸರ್ವರ್. ಅವಳೂ ಐವರು ಜೊತೆಗಾರರೂ ಬರೆಯುವ ಕೋಡ್ ಒಟ್ಟುಗೂಡುವುದು ಅದೊಂದರಲ್ಲೇ. ಉಳಿದವರ ಬಳಿ ಇರುವುದು ಅವರವರ ತುಂಡು ಮಾತ್ರ. ಬೆಳಿಗ್ಗೆ ಅದರ ಡಿಸ್ಕ್ ಸತ್ತಿತ್ತು. ನಾಳೆ ಹತ್ತಕ್ಕೆ ಕೆಲಸ ಒಪ್ಪಿಸದಿದ್ದರೆ ಆರೂ ಜನ ಮನೆಗೆ.

"ದಿನಾ ಬ್ಯಾಕಪ್ ಆಗ್ತಿತ್ತಲ್ಲೇ?"

"ಆಗ್ತಿತ್ತಮ್ಮ, ಬೀಗ ಹಾಕ್ಕೊಂಡು. ಆ ಬೀಗದ ಕೀಲಿ ಫೈಲ್ ಇದ್ದದ್ದು ಈ ಡಿಸ್ಕಲ್ಲಿ. ಪೆಟ್ಟಿಗೆ ಉಳೀತು, ಕೀಲಿ ಹೋಯ್ತು." ಫೋನ್ ಎತ್ತಿಕೊಂಡಳು. "ಸದ್ಯ, ನೀನು ದೊಡ್ಡಮ್ಮಂಗೆ ಕಳಿಸಿದ ಪೆನ್‌ಡ್ರೈವಲ್ಲಿ ಇನ್ನೊಂದು ಪ್ರತಿ ಇದೆ."

ಮಡಚುತ್ತಿದ್ದ ಚೀಲ ಕೆಳಗಿಟ್ಟೆ. ಮನೆಗೆ ಬೆಂಕಿ ಬಿದ್ದರೂ ಒಂದು ಪ್ರತಿ ಬೇರೆ ಊರಲ್ಲಿ ಉಳಿಯಲೆಂದು ಎರಡು ವರ್ಷದ ಹಿಂದೆ, ಅಕ್ಕನಿಗೆ ಅಂಚೆಯಲ್ಲಿ ಕಳಿಸೆಂದು ಅದನ್ನು ನನ್ನ ಕೈಗೆ ಕೊಟ್ಟಿದ್ದಳು. ಜೊತೆಗೊಂದು ಕಾಗದ ಇಡೋಣವೆಂದು ನಾನೇ ತಡೆದಿಟ್ಟುಕೊಂಡೆ. ನಾನು ರಾತ್ರಿಶಾಲೆಗೆ ಹೊರಟ ದಿನ "ಈ ವಯಸ್ಸಲ್ಲಿ ಅ ಆ ಇ ಈ ನಾ?" ಎಂದು ನಕ್ಕಿದ್ದ ಅಕ್ಕನಿಗೆ ಒಂದೂ ತಪ್ಪಿಲ್ಲದ ಕಾಗದ ಹೋಗಬೇಕಿತ್ತು. ಬರೆದೆ, ಹರಿದೆ, ಮತ್ತೆ ಬರೆದೆ. ಮಗಳು ಕೇಳಿದಾಗ "ಕಳಿಸಿದೆ" ಎಂದುಬಿಟ್ಟೆ.

ಫೋನಿನಲ್ಲಿ ಅಕ್ಕನ ದನಿ ನನಗೂ ಕೇಳಿಸಿತು. "ನಿಮ್ಮಮ್ಮ ನಂಗೆ ಕಾಗದ ಬರೆದ್ಳಾ? ಕನಸು ಗಿನಸು ಕಂಡ್ಯೇನೇ?"

ಮಗಳು ಫೋನ್ ಕೆಳಗಿಟ್ಟು ಗೋಡೆ ನೋಡುತ್ತ ಕೂತಳು. "ಅಂಚೆಯವರು ಕಳೆದುಹಾಕಿದಾರೆ. ಮುಗೀತು."

ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಅವಳೆದುರು ಹೋಗಿ ಕೂತೆ.

"ಅವರ ತಲೆಗೆ ಕಟ್ಬೇಡ. ನಾನು ಕಳಿಸ್ಲೇ ಇಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಿದೆ?" ಎಂದಳಷ್ಟೆ.

ಅದೇ ನೆನಪಿರಲಿಲ್ಲ. ಅವಳ ಕಣ್ಣಿಗೆ ಬೀಳದಿರಲೆಂದು ಜಾಗ ಬದಲಿಸುತ್ತ ಬಂದಿದ್ದೆ. ಬೀರು ಸುರಿದೆವು, ಹೊಲಿಗೆಯಂತ್ರದ ಡ್ರಾಯರ್ ಕಿತ್ತೆವು, ಹಾಸಿಗೆ ಮಗುಚಿದೆವು. ಹೋದ ತಿಂಗಳು ಹಳೆ ಬಟ್ಟೆಯ ಒಂದು ಗಂಟನ್ನು ಕಸದವನಿಗೆ ಕೊಟ್ಟದ್ದು ನೆನಪಾಗಿ ಅದನ್ನೂ ಹೇಳಿದೆ.

"ಎರಡು ಗಂಟು ಇದ್ವಲ್ಲಮ್ಮ," ಎಂದು ಅವಳೇ ಅಟ್ಟ ಹತ್ತಿದಳು.

ಉಳಿದ ಗಂಟಿನಲ್ಲಿ, ಒರೆಸಲೆಂದು ಎತ್ತಿಟ್ಟ ಹರಕು ದಿಂಬಿನ ಚೀಲದೊಳಗೆ ಲಕೋಟೆ ಇತ್ತು. "ಅಕ್ಕನಿಗೆ ನಮಸ್ಕಾರಗಳು" ಎಂದಷ್ಟೇ ಬರೆದ ಹಾಳೆಯೂ.

ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಪರದೆ ಕಪ್ಪಗೇ ಇತ್ತು. ನಾನು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಬಿಳಿ ಸಾಲುಗಳು ಓಡತೊಡಗಿದವು. "ಬೀಗ ತೆರೀತಮ್ಮ," ಎಂದು ಮಗಳು ಮೇಜಿಗೆ ಹಣೆಯಿಟ್ಟು ಅತ್ತಳು.

ಆಮೇಲೆ ಕೀಲಿಯ ಹೊಸ ಪ್ರತಿಯಿದ್ದ ಇನ್ನೊಂದು ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. "ಇವತ್ತೇ ಹೋಗ್ಬೇಕು."

ಅದೇ ಹಾಳೆಯಲ್ಲಿ ನಮಸ್ಕಾರದ ಕೆಳಗೆ ಬರೆದೆ: "ಇದನ್ನು ಜೋಪಾನವಾಗಿಡು. ತಪ್ಪಿದ್ದರೆ ನಗು."

ತಿರುಗಿ ಓದಲಿಲ್ಲ. ಲಕೋಟೆಗೆ ಅಂಟು ಹಚ್ಚಿ, ಚಪ್ಪಲಿ ಮೆಟ್ಟಿ ನಡೆದೆ. ಅಂಚೆಕಚೇರಿಯ ಬಾಗಿಲು ಮುಚ್ಚಲು ಹತ್ತು ನಿಮಿಷವಿತ್ತು. ಗುಮಾಸ್ತೆ ಲಕೋಟೆ ತೂಗಿ, ಮುದ್ರೆ ಒತ್ತಿ, ಹಿಂದಿನ ಚೀಲಕ್ಕೆ ಹಾಕಿದಳು.