ಕಪಾಟಿನ ಕೆಳಗಿನ ಖಾನೆ

ಬೆಳಿಗ್ಗೆಯಿಂದ ಕಾತ್ರಜದ ಆ ಹಳೇ ಕಟ್ಟಡದ ಮೆಟ್ಟಿಲುಗಳ ಮೇಲೆ ಸಾಮಾನು ಹತ್ತಿಸುವ, ಇಳಿಸುವ ಸದ್ದೇ ಸದ್ದು. ಮೂರನೇ ಮಹಡಿಯ ಚನ್ನವೀರನಿಗೆ ರಾಂಜಣಗಾಂವದ ಕಾರ್ಖಾನೆಯಿಂದ ಉತ್ತರಾಖಂಡದ ರುದ್ರಪುರಕ್ಕೆ ವರ್ಗವಾಗಿತ್ತು. ಮರುದಿನ ಮುಂಜಾನೆಯೇ ರೈಲು. ಅಷ್ಟು ದೂರ ಹೊತ್ತೊಯ್ಯುವುದೇಕೆ ಎಂದು ಅವನು ಮನೆಯ ಸಾಮಾನನ್ನೆಲ್ಲ ಹಂಚುತ್ತಿದ್ದ. ಸೋಫಾ ಕೆಳಗಿನ ಮನೆಯ ಮರಾಠಿ ಬಾಯಿಗೆ, ಮಂಚ ವಾಚ್‌ಮನ್‌ಗೆ, ಉಕ್ಕಿನ ಕಪಾಟು ಪಕ್ಕದ ಮನೆಯ ಗೌರಾಬಾಯಿಗೆ.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ಗೌರಾಬಾಯಿಯ ಸಂಭ್ರಮ ಅದೇ ತರಹದ್ದು. ಕಪಾಟು ಒಳಕೋಣೆಗೆ ಬಂದು ನಿಲ್ಲುವ ಮೊದಲೇ ಒರೆಸಲು ಬಟ್ಟೆ ಹಿಡಿದು ಸಿದ್ಧಳಾಗಿದ್ದಳು. ಕೆಳಗಿನ ಖಾನೆಯ ಹಲಗೆಯನ್ನು ಯಾರೋ ತೆಗೆದುಬಿಟ್ಟಿದ್ದರು. ಅದೊಂದೇ ಕೊರತೆ.

"ನಿಮ್ಮ ಹೆಸರೀಲೇ ತೆಗದಿಟ್ಟಿದ್ದೆ ನೋಡ್ರಿ ಕಾಕು," ಅಂದ ಚನ್ನವೀರ. ಅವನದು ಯಾವಾಗಲೂ ಬೆಣ್ಣೆಯಂಥ ಮಾತು. ಇಂಥ ಒಳ್ಳೆಯ ಮನುಷ್ಯ ಹೊರಟುಬಿಟ್ಟನಲ್ಲ ಎಂದು ಮರಾಠಿ ಬಾಯಿ ಕಣ್ಣೊರೆಸಿಕೊಂಡೇ ಸೋಫಾ ಒಯ್ದಿದ್ದಳು.

ಅವನ ಹೆಂಡತಿ ಸಪ್ನಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. "ಹೊಲಿಗಿ ಮಷಿನ್ನೂ ಕೊಟ್ಟಿಯಂತಲ್ಲ ಸಪ್ನಾ? ಅಲ್ಲೆ ಏನ್ ಮಾಡ್ತಿ?" ಎಂದು ಗೌರಾಬಾಯಿ ಕೇಳಿದರೆ ಉತ್ತರ ಬಂದದ್ದು ಗಂಡನಿಂದ.

"ಆರಾಮ ಇರಲಿ ಬಿಡ್ರಿ. ಆಕಿ ಫೋನೂ ತೆಗದಬಿಟ್ಟೀನಿ. ಹೊಸಾ ಊರಾಗ ಮಾತಾಡ್ಸಾಕ ಆಕೀಗೆ ಯಾರ ಅದಾರ?" ಎಂದು ನಕ್ಕ.

ಗೌರಾಬಾಯಿಯ ಒರೆಸುತ್ತಿದ್ದ ಕೈ ನಿಂತಿತು. ಸಪ್ನಾಳ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ತವರು ಅಂತ ಹೇಳಿಕೊಳ್ಳಲು ಅವಳಿಗೆ ಏನೂ ಉಳಿದಿರಲಿಲ್ಲ.

ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಾಚೆ ಏನು ನಡೆಯುತ್ತದೆಂದು ಗೌರಾಬಾಯಿಗೆ ಮೂರು ವರ್ಷದಿಂದ ಗೊತ್ತು. ಮೊದಲ ಸಲ ಕೇಳಿದಾಗ ಎದ್ದು ಹೊರಟಿದ್ದಳು. ಗಂಡ ಶಿವಪುತ್ರಪ್ಪ ತಡೆದಿದ್ದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮಂದಿ ಮನಿ ಮಾತು ನಮಗ್ಯಾಕ?" ಎಂದು ಟೀವಿಯ ದನಿ ಏರಿಸಿದ್ದ. ಅವನೇನೂ ಕೆಟ್ಟವನಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ ಯಾರ ತಂಟೆಗೂ ಹೋಗದೆ ಕಾರಕೂನಿಕೆ ಮಾಡಿ ನಿವೃತ್ತನಾದ ಪುಕ್ಕಲ ಮನುಷ್ಯ, ಅಷ್ಟೆ. ಅಂದಿನಿಂದ ಅದೇ ರೂಢಿಯಾಯಿತು. ಗೋಡೆಯಾಚೆ ಸದ್ದಾದರೆ ಈಚೆ ಟೀವಿ ಜೋರು. ಕಿವಿಗೆ ಬೀಳದ್ದು ನಡೆದೇ ಇಲ್ಲ ಎಂದುಕೊಂಡರೆ ಊಟ ಸರಿಯಾಗಿ ಸೇರುತ್ತದೆ.

ಮಧ್ಯಾಹ್ನ ಗೌರಾಬಾಯಿ ಅಡಿಗೆಮನೆಯಲ್ಲಿದ್ದಾಗ ಟೀವಿ ಇದ್ದಕ್ಕಿದ್ದಂತೆ ಅಬ್ಬರಿಸಿತು. ಇವತ್ತೂ ಶುರುವಾಯಿತೇ ಎಂದುಕೊಂಡು ಒಳಕೋಣೆಗೆ ಬಂದಳು. ತಾನು ತೆರೆದಿಟ್ಟು ಹೋಗಿದ್ದ ಕಪಾಟು ಮುಚ್ಚಿತ್ತು. ಒಳಗೆ ಏನೋ ಸರಿದಾಡಿತು. ಹೆದರುತ್ತಲೇ ಬಾಗಿಲು ಎಳೆದಳು.

ಕೆಳಗಿನ ಖಾನೆಯಲ್ಲಿ ಸಪ್ನಾಳ ಐದು ವರ್ಷದ ಮಗಳು ಪುಟ್ಟಿ ಮಂಡಿ ತಬ್ಬಿಕೊಂಡು ಕೂತಿದ್ದಳು. ತೆರೆದಿದ್ದ ಮನೆಬಾಗಿಲಿನಿಂದ ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ಇಲ್ಲ್ಯಾಕ ಕುಂತಿ ನನ್ನವ್ವ?"

"ಶ್..." ಪುಟ್ಟಿ ತುಟಿಯ ಮೇಲೆ ಬೆರಳಿಟ್ಟಳು. "ಪಪ್ಪಾ ಮಮ್ಮಿಗೆ ಹೊಡಿಯೂವಾಗ ನಿಮ್ಮ ಟೀವಿ ದೊಡ್ಡದಾಗತದಲ್ಲ ಅಜ್ಜಿ, ಆಗ ನಾ ಇದರಾಗ ಕೂಡ್ತೀನಿ. ಟೀವಿ ಬಂದಾದ ಮ್ಯಾಲೆ ಹೊರಗ ಬರ್ತೀನಿ." ಒಂದು ಕ್ಷಣ ಬಿಟ್ಟು ಕೇಳಿದಳು, "ರೈಲಿನ ಊರಾಗ ಕಪಾಟ ಇಲ್ಲಂತ. ಅಲ್ಲೆ ನಾ ಎಲ್ಲೆ ಕೂಡ್ಲಿ?"

ಪುಟ್ಟಿ ಕಪಾಟಿನ ಬಾಗಿಲನ್ನು ಮತ್ತೆ ಒಳಗಿನಿಂದ ಎಳೆದುಕೊಂಡಳು. ಗೌರಾಬಾಯಿ ತಿರುಗಿದರೆ ಕೋಣೆಯ ಬಾಗಿಲಲ್ಲಿ ಶಿವಪುತ್ರಪ್ಪ ರಿಮೋಟ್ ಹಿಡಿದು ನಿಂತಿದ್ದ. ಹುಡುಗಿಯ ಮಾತು ಅವನಿಗೂ ಕೇಳಿಸಿತ್ತು. ಟೀವಿಯ ದನಿ ಪೂರ್ತಿ ಇಳಿಸಿದ. ಮೂರು ವರ್ಷದಲ್ಲಿ ಮೊದಲ ಸಲ ಗೋಡೆಯಾಚೆಯ ಮಾತು ಸ್ಪಷ್ಟವಾಗಿ ಕೇಳಿಸಿತು. "ಬ್ಯಾಡ್ರಿ... ಕೈ ಮುಗೀತೀನ್ರಿ..."

ಗೌರಾಬಾಯಿ ತಟ್ಟೆಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಅರಿಶಿನ ಕುಂಕುಮ ಇಟ್ಟುಕೊಂಡಳು.

"ಅವ ನಮ್ಮ ಮ್ಯಾಲೂ ಕೈ ಮಾಡಿದ್ರ?" ಶಿವಪುತ್ರಪ್ಪ ಕೇಳಿದ.

"ನನಗೂ ಅಂಜಿಕಿ ಅದರಿ. ಆದ್ರ ನಾಳಿಂದ ಆಕಿ ಅತ್ರ ಕೇಳಾಕ ಗ್ವಾಡಿ ಆಚಿಕಡೆ ಯಾರೂ ಇರಂಗಿಲ್ಲ."

ಬಾಗಿಲು ತೆರೆದ ಚನ್ನವೀರನ ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಮಾತ್ರ ಅದೇ ನಗು. ದೂರದ ಊರಿಗೆ ಹೊರಟ ಹೆಣ್ಣುಮಗಳಿಗೆ ಉಡಿ ತುಂಬುತ್ತೇನೆ ಅಂದರೆ ಬೇಡ ಎನ್ನುವ ಮನೆ ಅವರೆಲ್ಲ ಬಿಟ್ಟುಬಂದ ಕನ್ನಡ ನಾಡಿನ ಕಡೆ ಇಲ್ಲ. "ನಮ್ಮ ದೇವರ ಮುಂದ ತುಂಬ್ತೀನಪಾ," ಎನ್ನುತ್ತ ಗೌರಾಬಾಯಿ ಸಪ್ನಾಳ ಕೈ ಹಿಡಿದು ಕರೆತಂದಳು. ಸಪ್ನಾಳ ತುಟಿ ಒಡೆದಿತ್ತು. ಅವಳು ಸೆರಗೊಡ್ಡಿ ಉಡಿ ತುಂಬಿಸಿಕೊಳ್ಳುವಾಗ ಅಕ್ಕಿ ಕಾಳು ನೆಲಕ್ಕೆ ಚೆಲ್ಲಿದವು.

ಹಿಂದೆಯೇ ಬಂದ ಚನ್ನವೀರ ಹೊಸ್ತಿಲ ಹೊರಗೆ ನಿಂತಿದ್ದ. "ಆತಲ್ಲ ಕಾಕು? ನಡಿ ಸಪ್ನಾ."

ಗೌರಾಬಾಯಿ ಸಪ್ನಾಳ ಕೈ ಬಿಡಲಿಲ್ಲ. "ಉಡಿ ತುಂಬಿಸ್ಕೊಂಡ ಮಗಳು ಐದು ದಿವಸ ತವರಮನ್ಯಾಗ ಇರಬೇಕಪಾ. ನಮ್ಮ ಪದ್ಧತಿ."

"ನಾನೂ ಅದ ಕಡಿಂದ ಬಂದಾಂವರಿ. ಇಂಥಾ ಪದ್ಧತಿ ಎಲ್ಲೂ ಕೇಳಿಲ್ಲ." ಅವನ ನಗು ಹೋಗಿತ್ತು. ಒಳಗೆ ಕಾಲಿಡಲು ಮುಂದಾದ.

ಅಂಥ ಪದ್ಧತಿ ಎಲ್ಲಿಯೂ ಇಲ್ಲವೆಂದು ಶಿವಪುತ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ಬಂದು ಹೊಸ್ತಿಲಿಗೆ ಅಡ್ಡ ನಿಂತ. ಒಂದು ಕೈಯಿಂದ ಬಾಗಿಲು ಹಿಡಿದುಕೊಂಡ. "ಅದ. ನಮ್ಮ ಮನ್ಯಾಗ ಅದ," ಅಂದ.

"ಕಾಕಾ, ಇದು ನಮ್ಮ ಮನಿ ಮಾತು. ನೀವು ನಡುವ ಬರಬ್ಯಾಡ್ರಿ."

"ನಾನೂ ಹಂಗ ಅಂತಿದ್ದೆ."

ಗೌರಾಬಾಯಿ ಸಪ್ನಾಳ ಬೆನ್ನ ಮೇಲೆ ಕೈಯಿಟ್ಟಳು. "ನೀ ಹೇಳವ್ವ. ಹೋಗ್ತಿಯೋ, ಇರ್ತಿಯೋ?"

ಸಪ್ನಾ ಗಂಡನನ್ನು ನೋಡಲಿಲ್ಲ. ಉಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. "ಇರ್ತೀನಿ," ಅಂದಳು. ಆ ಮಾತು ಅವಳಿಗೇ ಕೇಳಿಸಿತೋ ಇಲ್ಲವೋ. ಶಿವಪುತ್ರಪ್ಪನಿಗೆ ಕೇಳಿಸಿತು. ಅವನು ಬಾಗಿಲು ಹಾಕಿ ಚಿಲಕ ಜಡಿದ.

ಹೊರಗಿನಿಂದ ಒದೆತ ಶುರುವಾಯಿತು. ಜೊತೆಗೆ ಬೈಗುಳ. ಬೆಣ್ಣೆಯ ಮಾತಿನ ಮನುಷ್ಯನ ಬಾಯಲ್ಲಿ ಅಂಥ ಮಾತುಗಳಿದ್ದವೆಂದು ಇಡೀ ಕಟ್ಟಡಕ್ಕೆ ಅವತ್ತು ಗೊತ್ತಾಯಿತು. ಮೆಟ್ಟಿಲ ಮೇಲೆ ಯಾರೋ ಓಡಿ ಬರುವ ಸದ್ದು ಕೇಳಿಸಿತು. ಶಿವಪುತ್ರಪ್ಪ ಪೊಲೀಸರಿಗೆ ಫೋನ್ ಹಚ್ಚಿದ. ಏನು ಹೇಳಬೇಕೆಂದು ತಿಳಿಯದೆ ಫೋನನ್ನು ಬಾಗಿಲಿನ ಕಡೆಗೇ ಹಿಡಿದು, "ಐಕಾ ಸಾಹೇಬ, ಐಕಾ," ನೀವೇ ಕೇಳಿ ಎಂದು ಮರಾಠಿಯಲ್ಲಿ ಅಂಗಲಾಚಿದ.

ಬಾಗಿಲು ಅದುರುತ್ತಲೇ ಇತ್ತು. ಒಳಕೋಣೆಯಲ್ಲಿ ಕಪಾಟಿನ ಬಾಗಿಲು ಸ್ವಲ್ಪವೇ ತೆರೆಯಿತು. ಪುಟ್ಟಿ ಕತ್ತು ಚಾಚಿ ಟೀವಿಯ ಕಡೆ ನೋಡಿದಳು. ಟೀವಿ ಸುಮ್ಮನಿತ್ತು. ಅವಳು ಹೊರಗೆ ಬಂದು ತಾಯಿಯ ಪಕ್ಕ ಕೂತಳು.