ಒಂದೆಳೆ ಕೆಂಪು ದಾರ

ಎರಡು ಗಂಟು ಹಾಕಿಬಿಟ್ಟ ಪುಣ್ಯಾತ್ಮ, ಕೋರ್ಟಿನ ಗುಮಾಸ್ತ, ನನ್ನ ಹದಿನಾಲ್ಕು ವರ್ಷದ ಸೇನಾ ನೌಕರಿಯ ಕಾಗದದ ಕಂತೆಗೆ ಕೆಂಪು ದಾರವನ್ನು ಜೋಡಿ ಎಳೆ ಮಾಡಿ ಬಿಗಿದು, ಮೇಲೊಂದು ಗಂಟು, ಅದರ ಮೇಲೆ ಇನ್ನೊಂದು, ಮಗುವನ್ನು ಮಲಗಿಸಿದವನ ಹಾಗೆ ಮೆಲ್ಲಗೆ ತಟ್ಟಿ ಪಕ್ಕಕ್ಕಿಟ್ಟ — ಇನ್ನು ಅದು ಬಿಚ್ಚುತ್ತದೆಯೇ, ಪ್ಯಾರಾಚೂಟು ಮಡಚುವ ನಮ್ಮ ಕೋಣೆಯಲ್ಲಾಗಿದ್ದರೆ ಮಡಿಕೆ ಮೇಷ್ಟ್ರು ಅವನ ಕಿವಿ ಹಿಂಡಿ ಮೇಜು ಬಿಟ್ಟು ಎಬ್ಬಿಸುತ್ತಿದ್ದರು, ಒಂದೆಳೆ, ಮೇಡಮ್ಮಾ, ಅನ್ನುತ್ತಿದ್ದರು, ಒಂದೇ ಎಳೆ, ವಿಮಾನ ಎಷ್ಟು ಅಲ್ಲಾಡಿದರೂ ಚೀಲದ ಬಾಯಿ ಹಿಡ್ಕೊಂಡಿರ್ಬೇಕು, ಕೈ ಎಳೆದ ಕೂಡಲೆ ಪಟ್ ಅಂತ ಹರೀಬೇಕು, ಹರಿಯೋದೇ ಅದರ ಕೆಲಸ, ಹೊಸಬರು ಮಾಡೋ ತಪ್ಪೇ ಇದು ನೋಡಿ, ಪಾಪ ಹಾರೋನಿಗೆ ಗಟ್ಟಿಯಾಗಿರ್ಲಿ ಅಂತ ಪ್ರೀತಿಯಿಂದ ಎರಡೆಳೆ ಹಾಕಿಬಿಡ್ತಾರೆ, ಅವನು ಆಕಾಶದಲ್ಲಿ ಎಳೀತಾನೆ, ಎಳೀತಾನೇ ಇರ್ತಾನೆ — ಮೇಲೆ ಫ್ಯಾನು ತಿರುಗುತ್ತಿದೆ, ಅದರ ಗಾಳಿಗೆ ನನ್ನ ಲಾಯರಮ್ಮನ ಕರಿ ಗೌನಿನ ಅಂಚು ಏಳುತ್ತದೆ, ಬೀಳುತ್ತದೆ, ನನ್ನ ಬೆರಳು ತಂತಾನೆ ಅದನ್ನು ಹಿಡಿದು ನೀವಿ ಮಡಿಸಲು ಹೋಗುತ್ತದೆ, ಬೇಡ, ಇದು ಆ ಕೋಣೆಯಲ್ಲ, ಆ ಕೋಣೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು, ಗಾಳಿ ಬಂದರೆ ಬಟ್ಟೆಗೆ ಜೀವ ಬರುತ್ತದೆ ಎಂದು, ರೈಲಿನಷ್ಟು ಉದ್ದದ ಮೇಜು, ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಪ್ಯಾರಾಚೂಟು, ಬರಿಗಾಲಲ್ಲಿ ನಾನು ಈ ತುದಿಯಿಂದ ಆ ತುದಿಗೆ, ಮಡಿಕೆಯ ಮೇಲೆ ಮಡಿಕೆ, ಮಡಿಕೆಗೊಂದು ಪುಟ್ಟ ಮರಳಿನ ಚೀಲ, ಜಾರದಿರಲಿ ಎಂದು, ಅಮ್ಮ ಫೋನಿನಲ್ಲಿ ನಗುತ್ತಿದ್ದಳು, ಊರ ಗಂಡಸರಿಗೆಲ್ಲ ಬಟ್ಟೆ ಮಡಚಿ ಕೊಡ್ತೀಯಂತೆ, ಮನೇಲಿ ನಿನ್ನ ಚಾದರ ಮಡಚು ಅಂದ್ರೆ ಸೊಂಟ ನೋವು ಬರೋದು ನಿಂಗೆ.

ಸರ್ಕಾರಿ ವಕೀಲರು ಎದ್ದರು, ಗಂಟಲು ಸರಿಮಾಡಿಕೊಂಡರು, ಸ್ವಾಮಿ, ಹೆಣ್ಣುಮಕ್ಕಳ ಮೇಲೆ ನಮಗೆ ಅಪಾರ ಗೌರವ — ಶುರುವಾಯ್ತು ನೋಡೇ, ಪಕ್ಕದಲ್ಲಿ ರಡಾರ್ ನನ್ನ ತೊಡೆ ಚಿವುಟಿದಳು, ಅವಳೂ ಸೇನೆಯವಳೇ, ಕೇಸೂ ನನ್ನದರ ಜೊತೆಯದ್ದೇ, ಮೂರು ಕೋಣೆಯಾಚೆ ಪಿಸುಗುಟ್ಟಿದರೂ ಕೇಳಿಸಿಕೊಳ್ಳುತ್ತಾಳೆಂದು ಆ ಹೆಸರು, ಗೌರವ ಅಂದ್ರೋ ಮುಗೀತು, ಹಿಂದೇನೇ ಗೇಟ್ ಪಾಸು, ಅಂದಳು — ಅವರಿಗೆ ಮನೆ ಇರುತ್ತೆ ಸ್ವಾಮಿ, ಮಕ್ಕಳಿರ್ತಾರೆ, ಗಡಿಯಲ್ಲಿ ಶತ್ರು ಕೈಗೆ ಸಿಕ್ಕರೆ ಏನು ಗತಿ, ನಾವು ಮಾಡ್ತಿರೋದು ಅವರ ಒಳ್ಳೇದಕ್ಕೇ, ಒಳ್ಳೇದಕ್ಕೇ, ಎರಡೆಳೆ, ನನಗೆ ಎರಡೆಳೆ ಹಾಕುತ್ತಿದ್ದಾರೆ, ಕೆಳಗೆ ನೆಲ ಏರಿ ಬರುತ್ತಿದೆ, ಈ ತಿಂಗಳ ಕೊನೆಗೆ ನನ್ನನ್ನು ನೌಕರಿಯಿಂದ ಬಿಡುಗಡೆ ಮಾಡುತ್ತಾರಂತೆ, ಜೈಲಿನಿಂದ ಬಿಟ್ಟ ಹಾಗೆ, ಆ ಮಾತನ್ನು ಹುಡುಕಿದವನ ಬಾಯಿಗೆ ಮಣ್ಣು ಹಾಕ, ಮಗಳು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು, ಅಮ್ಮಾ ನೀನು ಸೋತ್ರೆ ಮುಂದಿನ ತಿಂಗಳಿಂದ ಏನಾಗಿರ್ತೀಯ, ನಾನು ರಬ್ಬರ್ ಬ್ಯಾಂಡ್ ಇನ್ನೊಂದು ಸುತ್ತು ಸುತ್ತಿದೆ, ಆ ಅಂದಳು, ನೋಯ್ತು.

ಅದಲ್ಲದೆ ಸ್ವಾಮಿ, ಈಗ ಮೊಣಕಾಲು, ಬಂತು, ಹೋದ ಸಲ ಇದೇ ಕೋರ್ಟು ಹೆಂಗಸರನ್ನೂ ಕಾಯಂ ಮಾಡಲು ಪರಿಶೀಲಿಸಿ ಎಂದಿತ್ತಲ್ಲ, ಡಾಕ್ಟರುಗಳ ಬೋರ್ಡು ಪರಿಶೀಲಿಸಿತು, ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿ ಕೂರಿಸಿ ಎಬ್ಬಿಸಿ, ಬಲ ಮೊಣಕಾಲು ಲಟ್ ಎಂದಿತು, ಅನರ್ಹ, ನನ್ನ ಜೊತೆ ಸೇರಿದ ಗಂಡಸರನ್ನು ಐದನೇ ವರ್ಷದಲ್ಲೇ ನೋಡಿ ಕಾಯಂ ಮಾಡಿಬಿಟ್ಟಿದ್ದರು, ಎಲ್ಲರ ಕೀಲೂ ಹೊಸ ಬಾಗಿಲಿನ ಹಾಗಿದ್ದ ಕಾಲ, ನನ್ನದೂ, ಆಗ ನನ್ನನ್ನು ಯಾರೂ ಕರೆಯಲಿಲ್ಲ, ಈಗ ಅವರ ಬೆಲ್ಟಿಗೆ ತೂತು ಸಾಲುತ್ತಿಲ್ಲ, ಅಳೆಯುವವರಿಲ್ಲ, ಇವರ ಹೊಟ್ಟೆ ಯಾವ ಬೋರ್ಡು ನೋಡಿದೆಯಂತೆ ಕೇಳೇ, ರಡಾರ್ ವಕೀಲರ ಕಡೆ ಗದ್ದ ತೋರಿಸಿದಳು, ಸುಮ್ನಿರೇ, ನಗು ಬರುತ್ತೆ, ನಗು ಬರುತ್ತಿಲ್ಲ, ಕಾಲು ನೋಯುತ್ತಿದೆ, ಮೋಡ ಕವಿದರೆ ನೋಯುತ್ತದೆ, ವಿಮಾನದ ಬಾಗಿಲಲ್ಲಿ ಮೋಡ ಕಾಲಿನ ಕೆಳಗಿತ್ತು, ಹತ್ತಿ ಬಿಡಿಸಿ ಹರವಿದ ಹಾಗೆ, ಎಷ್ಟು ನಿಶ್ಶಬ್ದ, ಅಷ್ಟು ಗದ್ದಲದೊಳಗೂ ಎಷ್ಟು ನಿಶ್ಶಬ್ದ — ನಮ್ಮಲ್ಲಿ ಒಂದು ಪದ್ಧತಿ, ಮೇಷ್ಟ್ರು ಕಪಾಟಿನ ಮುಂದೆ ನಡೆಯುತ್ತಾ ಯಾವುದಾದರೊಂದು ಚೀಲಕ್ಕೆ ಬೆರಳು ತೋರಿಸಿದರೆ ಅದನ್ನು ಮಡಚಿದವರೇ ಕಟ್ಟಿಕೊಂಡು ಹಾರಬೇಕು, ಎಲ್ಲರಿಗೂ ಅದು ವರ್ಷಕ್ಕೊಮ್ಮೆ, ನನಗೆ ಮಾತ್ರ ಹೊಸ ತುಕಡಿ ಬಂದಾಗಲೆಲ್ಲ, ಹೆಂಗಸು ಮಡಚಿದ್ದಂತೆ, ನಾವು ಹಾರಲ್ಲ ಸಾರ್, ಅನ್ನುತ್ತಿದ್ದರು ಹುಡುಗರು, ಮೇಷ್ಟ್ರ ಬೆರಳು ಏಳುತ್ತಿತ್ತು, ಮೇಡಮ್ಮಾ ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಅಷ್ಟೇ, ಇನ್ನೊಂದ್ಸಲ, ಕೊನೆಯ ಸಲ ಗಾಳಿ ತಿರುಗಿತು, ದಾರ ಹರಿದದ್ದು ಬೆರಳಿಗೆ ತಿಳಿಯಿತು, ಬಟ್ಟೆ ತಲೆಯ ಮೇಲೆ ತುಂಬಿಕೊಂಡಿತು, ಒಂದು ಮಡಿಕೆಯೂ ತಪ್ಪಿರಲಿಲ್ಲ, ನೆಲ ಮಾತ್ರ ಓರೆಯಾಗಿತ್ತು, ಒಣ ಕಾಲುವೆ, ಲಟ್, ಓಡಿ ಬಂದ ಹುಡುಗರು ಮೊದಲು ನೋಡಿದ್ದು ಬಟ್ಟೆಯನ್ನು, ಆಮೇಲೆ ನನ್ನನ್ನು, ಒಬ್ಬ ಹಿಂದಕ್ಕೆ ಕೂಗಿ ಹೇಳಿದ, ಸರಿಯಾಗಿ ಬಿಚ್ಚಿದೆ ಸಾರ್, ಮಾರನೇ ದಿನದಿಂದ ಎಲ್ಲರೂ ಹಾರಿದರು, ನನ್ನ ಮಡಿಕೆಯಲ್ಲಿ ತೂಗಾಡುತ್ತಾ ಇಳಿದರು, ಮನೆಗೆ ಹೋದರು, ಅಪ್ಪಂದಿರಾದರು, ಕಾಯಂ ಆದರು, ಹೆಂಗಸಿನ ಅಪ್ಪಣೆಯನ್ನು ಸೈನಿಕರು ಒಪ್ಪಲ್ಲ ಸ್ವಾಮಿ, ಅನ್ನುತ್ತಿದ್ದಾರೆ ವಕೀಲರು, ಒಪ್ಪಲ್ಲವಂತೆ, ಜೀವ ನೇತುಹಾಕಲು ನನ್ನ ಕೈ ಆಗುತ್ತದೆ, ಸೆಲ್ಯೂಟು ಹೊಡೆಯಲು ಆಗುವುದಿಲ್ಲ.

ಈ ಮೊಣಕಾಲು ಹೀಗೆ ಹೇಗಾಯ್ತು, ಯಾರ ಧ್ವನಿ ಇದು, ನ್ಯಾಯಾಧೀಶರದು, ಕನ್ನಡಕದ ಮೇಲಿಂದ ನೋಡುತ್ತಿದ್ದಾರೆ, ವಕೀಲರು ಹಾಳೆ ತಿರುವುತ್ತಾ ಅದು, ಅದು ವಯೋಸಹಜ ಇರಬೇಕು ಸ್ವಾಮಿ, ಲಾಯರಮ್ಮ ಏಳುವ ಮೊದಲೇ ನ್ಯಾಯಾಧೀಶರ ಬೆರಳು ನನ್ನ ಕಡೆ ಬಂತು, ನೀವೇ ಹೇಳಿಯಮ್ಮಾ, ಬೆರಳು, ಕಪಾಟಿನ ಮುಂದೆ ನಿಂತ ಹಾಗೆ, ಎದ್ದೆ, ಲಟ್, ಇಡೀ ಕೋಣೆಗೆ ಕೇಳಿಸಿತು, ಕೇಳಿಸಲಿ, ನಾನು ಮಡಚಿದ್ದನ್ನ ನಾನೇ ಕಟ್ಕೊಂಡು ಹಾರಿದ್ದೆ ಸ್ವಾಮಿ, ಹೆಂಗಸು ಮಡಚಿದ್ದು ಅಂತ ಗಂಡಸರು ಹೆದರ್ಕೊಂಡಿದ್ರು, ಅವರ ಹೆದರಿಕೆ ಹೋಗಲಿ ಅಂತ, ಒಂದೇ ವರ್ಷದಲ್ಲಿ ಏಳು ಸಲ, ಏಳನೇ ಸಲ ಇದಾಯ್ತು — ಅಷ್ಟೇ ಮಾತು, ಇನ್ನಿಲ್ಲ, ವಿಮಾನದ ಬಾಗಿಲು ದಾಟಿಯಾಯಿತು, ಕಾಲ ಕೆಳಗೆ ಏನೂ ಇಲ್ಲ, ಇದು ಇಲಾಖೆಯ ದಾಖಲೆಯಲ್ಲಿ ಇದೆಯೇನ್ರೀ, ನ್ಯಾಯಾಧೀಶರು ಕೇಳಿದರು, ವಕೀಲರು ಗುಮಾಸ್ತನನ್ನು ನೋಡಿದರು, ಆ ಕಂತೆ ತೆಗೀರಿ, ಈಗಲೇ ನೋಡ್ತೀನಿ, ಗುಮಾಸ್ತ ಗಂಟಿಗೆ ಕೈ ಹಾಕಿದ, ಉಗುರು ಹಾಕಿದ, ಬರಲಿಲ್ಲ, ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು, ಫ್ಯಾನು ತಿರುಗುತ್ತಿದೆ, ಬಟ್ಟೆಯಿನ್ನೂ ಬಿಚ್ಚಿಲ್ಲ, ಬೀಳುತ್ತಿದ್ದೇನೆ, ತಂಪಾಗಿದೆ, ಹಲ್ಲು ಹಾಕಪ್ಪಾ ಎಂದಳು ರಡಾರ್ ಸಣ್ಣಗೆ, ಅವನು ದಾರವನ್ನು ಎರಡೂ ಕೈಗೆ ಸುತ್ತಿಕೊಂಡ, ಮುಖ ಕೆಂಪಾಯಿತು, ಒಂದೆಳೆ ಹರಿಯಿತು, ಇನ್ನೊಂದು — ಎಳಿ, ಎಳಿ — ಬಿಗಿದು ನಿಂತಿದೆ, ಕೆಂಪಗೆ, ಕೂದಲಿನಷ್ಟು ತೆಳ್ಳಗೆ, ಒಂದೇ ಎಳೆ.