ಮಂಚಯ್ಯನ ಹಸುವಿನ ಎಂಟನೆಯ ಬೆದೆ

ಮಂಚಯ್ಯನ ಆರು ತಿಂಗಳ ಹೆಣ್ಣು ಕರು ಹೊತ್ತಿಗೆ ನಾಲ್ಕು ಲೀಟರು ಹಾಲು ಕೊಡುತ್ತಿತ್ತು. ಅದೂ ಎಂಥ ಹಾಲು, ಸಕ್ಕರೆ ಹಾಕುವಂತೆಯೇ ಇಲ್ಲ! ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯವರು ಬಂದು, ‘ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ತಾಯಿ’ ಎಂದು ಅದರ ಗೊರಸು ಹಿಡಿದು ಅತ್ತಿದ್ದರು.

ಇದನ್ನೆಲ್ಲ ಶೀಳನೆರೆ ಕಡೆಯ ಹಾಲಿನ ಡೈರಿಯಲ್ಲಿ ಅವನು ಹೇಳಿ ಮುಗಿಸುವ ಮೊದಲೇ, ಹಾಲು ಅಳೆಯುವ ಪ್ರಮೀಳಾ ಚೀಟಿ ಹರಿದು ಕೈಗಿಟ್ಟಿದ್ದಳು.

“ಕರು ಆಲು ಕೊಡ್ತದೆ, ಅಸ ಮೊಟ್ಟೆ ಇಕ್ತದೆ. ನಡಿ ಮಂಚಣ್ಣ, ಇಂದ್ಗಡೆ ಜನವ್ರೆ.”

ಹಿಂದಿದ್ದವರು ನಗಲೂ ಇಲ್ಲ. ಒಂದು ಕಾಲದಲ್ಲಿ ನಗುತ್ತಿದ್ದರು. ಈಗ ಕ್ಯಾನು ಬಗ್ಗಿಸಿ, ಚೀಟಿ ಇಸಿದುಕೊಂಡು ಹೊರಟುಬಿಡುತ್ತಾರೆ.

ಹೆಣ್ಣು ಕೇಳಲು ನಾಗಮಂಗಲಕ್ಕೆ ಹೋದಾಗಲೂ ಮಂಚಯ್ಯ ಮೂವತ್ತು ಗುಂಟೆಯನ್ನು ಮೂವತ್ತು ಎಕರೆ ಎಂದಿದ್ದ. ಹೆಣ್ಣಿನ ಅಪ್ಪ ಜಮೀನು ನೋಡಲು ಬಂದು ಇಡೀ ಹೊಲ ಸುತ್ತಿದರೂ ಹಚ್ಚಿದ ಬೀಡಿ ಮುಗಿದಿರಲಿಲ್ಲ. ಅಂದಿನಿಂದ ಈ ಐವತ್ತೆರಡನೆಯ ವಯಸ್ಸಿನವರೆಗೂ ಹೊಲದ ಮನೆಯಲ್ಲಿ ಅವನು ಒಬ್ಬನೇ. ಮಾತಿಗೆ ಒಂದು ಸೀಮೆಹಸು, ಅದರ ಕರು, ನಾಲ್ಕು ಗೋಡೆ. ಅವನ ಮಾತು ಕೇಳಿ ಕೇಳಿ ಗೋಡೆಗಳೂ ಬಿರುಕು ಬಿಟ್ಟಿದ್ದವು.

ಕೊನೆಯವರೆಗೂ ಕೇಳುವವನೆಂದರೆ ಕೆ.ಆರ್. ಪೇಟೆಯ ಶೋಯಬ್. ಬೆದೆಗೆ ಬಂದ ಹಸುಗಳಿಗೆ ಗಬ್ಬದ ಸೂಜಿ ಹಾಕುವುದು ಅವನ ಕೆಲಸ. ಊರವರ ಬಾಯಲ್ಲಿ ಡಾಕ್ಟರು. ಹಸುವಿಗೆ ಐದು ನಿಮಿಷ, ಆಮೇಲೆ ಜಗಲಿಯ ಮೇಲೆ ಟೀ ಹಿಡಿದು ಕೂತು, ಪ್ರತಿ ಸುಳ್ಳಿಗೂ “ಆಮೇಕೆ?” ಎನ್ನುತ್ತಿದ್ದ. ಆ ಒಂದು ಮಾತಿಗೆ ಮಂಚಯ್ಯ ವಾರಗಟ್ಟಲೆ ಕಾಯುತ್ತಿದ್ದ. ಹಸು ಗಬ್ಬ ನಿಂತರೆ ಇನ್ನೊಂದು ಕರು ಸಿಗುತ್ತದೆ, ನಿಜ. ಆದರೆ ವರ್ಷವಿಡೀ ಅಂಗಳದಲ್ಲಿ ಬೈಕಿನ ಸದ್ದಿರುವುದಿಲ್ಲ.

ಡೈರಿಯಿಂದ ಬಂದವನೇ ಫೋನು ಮಾಡಿದ. ನಾಲ್ಕು ತಿಂಗಳಲ್ಲಿ ಇದು ಎಂಟನೆಯ ಸಲ.

“ಬನ್ನಿ ಡಾಕ್ಟ್ರೇ, ಅಸ ಕೂಗೋ ಕೂಗಿಗೆ ಪಾಂಡವಪುರದ ಓರಿಗಳೆಲ್ಲ ಅಗ್ಗ ಕಿತ್ಕೊಂಡು ಒಂಟವೆ!”

ಶೋಯಬ್ ಬಂದ. ಆದರೆ ಚೀಲ ಬಿಚ್ಚಲಿಲ್ಲ. “ಇಪ್ಪತ್ತೊಂದು ದಿನಕ್ಕೆ ಬರಬೇಕಾದ ಬೆದೆ ಅದಿನೈದೇ ದಿನಕ್ಕೆ ಯಂಗಣ್ಣ ಬತ್ತದೆ?” ಎನ್ನುತ್ತ ಕೊಟ್ಟಿಗೆಗೆ ನುಗ್ಗಿದವನು ಕರುವಿನ ಹತ್ತಿರ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅದರ ಕೆಚ್ಚಲು ನಿಜವಾಗಿಯೂ ಊದಿಕೊಂಡಿತ್ತು.

“ಅರೆ, ಈ ಮಗೀಗೆ ಕೆಚ್ಚಲಾ? ಏನು ತಿನ್ನುಸ್ತಾ ಇದ್ದೀಯ?”

“ಗೋಡಂಬಿ, ದ್ರಾಕ್ಷಿ...”

ಶೋಯಬ್ ಮೂಲೆಯ ಚೀಲಕ್ಕೆ ಕೈ ಹಾಕಿದ. ರಸ್ತೆಯ ಮೇಲೆ ಒಣಹಾಕಿದ್ದಾಗ ಮಳೆಗೆ ಸಿಕ್ಕಿದ್ದ ಮುಸುಕಿನ ಜೋಳ. ಅದನ್ನೇ ಒಡೆಸಿದ ನುಚ್ಚು ಹೆಂಟೆಗಟ್ಟಿತ್ತು, ಮೇಲೆಲ್ಲ ಗುಲಾಬಿ ಬಣ್ಣದ ಬೂಷ್ಟು.

“ಓದ್ಸಲವೇ ಬಿಸಾಕು, ಇದ ತಿಂದ್ರೆ ಅಸ ಗಬ್ಬ ಕಟ್ಟಾಕಿಲ್ಲ ಅಂದಿದ್ನಲ್ಲ?”

“ಬಿಸಾಕ್ದೆ ಕಣಪ್ಪ, ಏಮಾವತಿ ಒಳೀಗೆ! ಅದು ತೇಲ್ಕೊಂಡು ಕನ್ನಂಬಾಡಿ ಕಟ್ಟೆ ದಾಟಿ, ಗಂಜಾಂ ತಾವ ಮೀನೆಲ್ಲಾ ಬೆದೆಗೆ ಬಂದ್ಬುಟ್ಟೊ!”

ಶೋಯಬ್ “ಆಮೇಕೆ?” ಎನ್ನಲಿಲ್ಲ.

“ಇದು ಬೆದೆ ಅಲ್ಲ ಕಣಣ್ಣ, ಬೂಷ್ಟಿನ ವಿಷ. ಒಳಗೋಗಿ ಬೆದೆ ಬಂದಂಗೆ ಆಟ ಕಟ್ತದೆ. ನಾನು ಎಷ್ಟು ಸೂಜಿ ಆಕುದ್ರೂ ಗಬ್ಬ ನಿಲ್ಲಾಕಿಲ್ಲ. ಇಂಗೇ ಇಕ್ತಿದ್ರೆ ನಾಳೆ ಈ ಕರುವೂ ಬಂಜೆ ಆಗೋಗ್ಬೌದು.”

ಕರು ಬಂದು ಮಂಚಯ್ಯನ ಅಂಗೈ ನೆಕ್ಕಿತು. ನುಚ್ಚು ಹಾಕುವ ಕೈ ಅದು. ಅವನು ಬಾಯಿ ತೆರೆದ. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿತು.

“ವಸ ಜೋಳ ಅಟ್ಟದ ಮ್ಯಾಲದೆ ಕಣಪ್ಪ,” ಎಂದ ನೆಲ ನೋಡುತ್ತ. “ಒಣಗಿರೋದು, ಒಳ್ಳೇದು. ಅದ ಮುಟ್ಟೇ ಇಲ್ಲ. ನೀನು ಬ್ಯಾಡ ಅಂದ್ಮ್ಯಾಲೂ ದಿನಾ ಇದನ್ನೇ ಇಕ್ದೆ. ಕರೂಗೂ ಇಂಗಾಯ್ತದೆ ಅಂತ ಗೊತ್ತಿರ್ಲಿಲ್ಲ.”

“ಯಾಕಣ್ಣ? ಗೊತ್ತಿದ್ದೂ ಯಾಕೆ ಇಕ್ದೆ?”

“ಗಬ್ಬ ನಿಂತ್ರೆ ನೀನು ಬರಾಕಿಲ್ವಲ್ಲ.”